ಪುಷ್ಯ ಮಳೆಯ ಏರಿನಲ್ಲಿ ಮೂರು ಗಾಡಿಗಳು

ಮೂಡಿಗೆರೆ ಸೀಮೆಯ ನಮ್ಮ ಕಾಫಿ ತೋಟದ ಮೇಲಿನ ಭಾಗಕ್ಕೆ ಹೋಗುವ ದಾರಿಯಲ್ಲಿ ಬೇಸಿಗೆಯಲ್ಲಾದರೆ ಸಾಮಾನ್ಯ ಕಾರೂ ಹತ್ತುತ್ತದೆ. ಆರಿದ್ರಾ ಮಳೆ ಹಿಡಿದು ಪುಷ್ಯಕ್ಕೆ ಬರುವ ಹೊತ್ತಿಗೆ ಅದರ ಕೊನೆಯ ಇನ್ನೂರು ಅಡಿಯ ಏರಿನ ಮೇಲೆ ಮೂರು ನಾಲ್ಕು ಅಂಗುಲ ಕೆಂಪು ಲೋಳೆ ಕೂತು, ಬರಿಗಾಲಿನಲ್ಲಿ ನಡೆಯುವವರೂ ದರೆಯ ಗಿಡ ಹಿಡಿದುಕೊಂಡೇ ಹತ್ತಬೇಕಾಗುತ್ತದೆ. ನನ್ನ ಹಳೆಯ ಮಾರುತಿ ಜಿಪ್ಸಿಯನ್ನು ಮಾರಿ ಹೊಸದೊಂದನ್ನು ಕೊಳ್ಳಬೇಕೇ ಎಂಬ ಪ್ರಶ್ನೆ ಎದುರಾದಾಗ ಈ ಏರಿನಲ್ಲಿಯೇ ಪರೀಕ್ಷಿಸಿ ನೋಡಲು ನಿರ್ಧರಿಸಿದೆ. ಒಬ್ಬ ಗೆಳೆಯ ತನ್ನ ಮಹೀಂದ್ರ ಥಾರ್ ತಂದ, ನೆಂಟರೊಬ್ಬರು ಮಾರುತಿ ಜಿಮ್ನಿ ಕೊಟ್ಟರು.

ಮೂರರಲ್ಲಿಯೂ ಎಂಜಿನ್ನಿನ ಬಲ ನಾಲ್ಕೂ ಗಾಲಿಗಳಿಗೆ ಹೋಗುತ್ತದೆ, ಆದರೆ ಸ್ವಭಾವ ಬೇರೆ ಬೇರೆ. ಜಿಪ್ಸಿಯ ತೂಕ ಸುಮಾರು ಒಂದು ಟನ್. 1298 ಸಿಸಿಯ ಪೆಟ್ರೋಲ್ ಎಂಜಿನ್, ಪಟ್ಟಿ ಸ್ಪ್ರಿಂಗ್, ಎರಡೂ ಆಕ್ಸಲ್‌ಗಳಲ್ಲಿ ಲಾಕ್ ಇಲ್ಲದ ಸಾದಾ ಡಿಫರೆನ್ಷಿಯಲ್ (ಎಡಬಲದ ಗಾಲಿಗಳಿಗೆ ಬಲ ಹಂಚುವ ಗೇರುಗಳ ಜೋಡಣೆ). 2023ರಲ್ಲಿ ಮಾರುಕಟ್ಟೆಗೆ ಬಂದ ಜಿಮ್ನಿ 1200 ಕೆ.ಜಿ. ಆಸುಪಾಸಿನದು; ತಿರುಗುತ್ತಿರುವ ಗಾಲಿಗೆ ತಾನೇ ಬ್ರೇಕ್ ಹಾಕಿ ಎದುರು ಬದಿಯ ಗಾಲಿಗೆ ಬಲ ಕೊಡುವ ವ್ಯವಸ್ಥೆ ಅದರಲ್ಲಿದೆ. 2020ರ ನಂತರದ ಥಾರ್ 1700 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಗೆಳೆಯನದು ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ತಾನಾಗಿ ಲಾಕ್ ಆಗಿ ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಮಾದರಿ. ಆದರೆ ಬೆಂಗಳೂರಿಗೆ ಓಡಾಡಲು ಅನುಕೂಲವೆಂದು ಅವನು ಅದಕ್ಕೆ ಹೆದ್ದಾರಿಯ ಟೈರುಗಳನ್ನು ಹಾಕಿಸಿದ್ದ. ಜಿಪ್ಸಿಗೆ ಇದ್ದದ್ದು ಕೆಸರಿನ ಟೈರು, ಅದೂ ಅರ್ಧ ಸವೆದದ್ದು.

ಮೊದಲ ದಿನದ ಫಲಿತಾಂಶವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲು ಹತ್ತಿದ ಗಾಡಿ ಲೋಳೆಯನ್ನು ಅತ್ತಿತ್ತ ತಳ್ಳಿ ಜಾಡು ಮಾಡಿಕೊಡುತ್ತದೆ, ಹಿಂದೆ ಬರುವವನು ಅದರ ಲಾಭ ಪಡೆದು ತನ್ನ ಗಾಡಿಯನ್ನು ಹೊಗಳುತ್ತಾನೆ. ಆದ್ದರಿಂದ ಒಂದು ವಾರ, ಪ್ರತಿ ಬೆಳಿಗ್ಗೆಯೂ ಸರದಿ ಬದಲಿಸಿ, ಮೂರೂ ಗಾಡಿಗಳನ್ನು ನಾನೊಮ್ಮೆ, ನಮ್ಮ ತೋಟದ ಹಳೆಯ ಡ್ರೈವರ್ ಒಮ್ಮೆ ಓಡಿಸಿದೆವು.

ಮೊದಮೊದಲು ನಾನು ಓಡಿಸಿದಾಗ ಮೂರೂ ಗಾಡಿಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಏರಿನ ನಡುವಿನ ಹಲಸಿನ ಮರದ ಬಳಿ, ನಿಂತವು. ಇದು ನನ್ನ ಕಾಲಿನ ದೋಷವೆಂದು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು. ಗಾಲಿ ಜಾರಿದ ಕೂಡಲೇ ನಾನು ಆಕ್ಸಲರೇಟರ್ ಒತ್ತುತ್ತಿದ್ದೆ, ಗಾಡಿ ಅಡ್ಡ ತಿರುಗಿದೊಡನೆ ಹೆದರಿ ಪೂರ್ತಿ ಬಿಡುತ್ತಿದ್ದೆ. ಜಿಮ್ನಿಯಲ್ಲಿ ಈ ತಪ್ಪಿಗೆ ಬೆಲೆ ಹೆಚ್ಚು: ಗಾಲಿ ತಿರುಗುತ್ತಿರುವುದನ್ನು ಸೆನ್ಸರ್ ಗುರುತಿಸಿ ಬ್ರೇಕ್ ಹಾಕುವವರೆಗೆ ಕಾಲನ್ನು ಒಂದೇ ಸಮ ಹಿಡಿಯಬೇಕು, ಸಹಾಯ ಬರುವ ಗಳಿಗೆಯಲ್ಲಿಯೇ ನಾನು ಕಾಲೆತ್ತುತ್ತಿದ್ದೆ.

ಹಳೆಯ ಡ್ರೈವರ್ ಗಾಡಿ ಹತ್ತುವ ಮೊದಲು ಏರನ್ನು ನಡೆದು, ಕೋಲಿನಿಂದ ಚುಚ್ಚಿ, ಲೋಳೆಯ ಕೆಳಗೆ ಗಟ್ಟಿ ಜಂಬಿಟ್ಟಿಗೆ ಇರುವ ಜಾಗಗಳನ್ನು ನೋಡಿಕೊಂಡರು. ಅನಂತರ ವೇಗ ತಗ್ಗಿಸಿ ಬಲ ಹೆಚ್ಚಿಸುವ ಲೋ ರೇಂಜ್‌ನ ಎರಡನೆಯ ಗೇರಿನಲ್ಲಿ, ಕೆಳಗಿನಿಂದಲೇ ತೆಗೆದುಕೊಂಡ ಸಾಧಾರಣ ವೇಗವನ್ನು ಕಡೆಯವರೆಗೆ ಕಾಯ್ದುಕೊಂಡು ಜಿಪ್ಸಿಯನ್ನು ಮೇಲೆ ಮುಟ್ಟಿಸಿದರು. ಮುಂದಿನ ಗಾಲಿಗಳು ಹಿಡಿತ ಬಿಡುತ್ತಿವೆ ಎನಿಸಿದಾಗ ಸ್ಟೇರಿಂಗನ್ನು ಎಡಬಲಕ್ಕೆ ಸಣ್ಣಗೆ ಅಲ್ಲಾಡಿಸಿ, ಟೈರಿನ ಅಂಚಿನಿಂದ ಹೊಸ ಮಣ್ಣನ್ನು ಕಚ್ಚಿಸುತ್ತಿದ್ದರು. ಒಂದು ಗಾಲಿ ಸುಮ್ಮನೆ ತಿರುಗತೊಡಗಿದರೆ ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಮುಟ್ಟುತ್ತಿದ್ದರು. ಜಿಮ್ನಿಯ ಕಂಪ್ಯೂಟರ್ ಒಂದೇ ಗಾಲಿಗೆ ಮಾಡುವುದನ್ನು ಅವರು ನಾಲ್ಕೂ ಗಾಲಿಗಳಿಗೆ ಒಟ್ಟಿಗೆ, ಒರಟಾಗಿ ಮಾಡುತ್ತಿದ್ದರು ಎಂಬುದು ನನಗೆ ಹೊಳೆದದ್ದು ಆಮೇಲೆ.

ಹಾಗೆಂದು ಚಾಲಕನ ಕೌಶಲವೇ ಎಲ್ಲವೂ ಎಂದು ನಾನು ಹೇಳಲಾರೆ. ಏರಿನ ತುದಿಯಲ್ಲಿ ನೀರು ಕೊರೆದ ಒಂದು ಅಡ್ಡ ಕಾಲುವೆಯಿದೆ. ಅದನ್ನು ಓರೆಯಾಗಿ ದಾಟುವಾಗ ಮುಂದಿನ ಒಂದು, ಹಿಂದಿನ ಒಂದು ಗಾಲಿ ಕರ್ಣರೇಖೆಯಲ್ಲಿ ಮೇಲೇಳುತ್ತವೆ. ಸಾದಾ ಡಿಫರೆನ್ಷಿಯಲ್ ಎರಡೂ ಬದಿಗೆ ಸಮಾನ ಬಲವನ್ನಷ್ಟೇ ಹಂಚಬಲ್ಲದು. ಗಾಳಿಯಲ್ಲಿರುವ ಗಾಲಿಗೆ ಬಲವೇ ಬೇಕಿಲ್ಲವಾದ್ದರಿಂದ ನೆಲದ ಮೇಲಿರುವುದಕ್ಕೂ ಸಿಗುವುದಿಲ್ಲ. ಅಲ್ಲಿ ಜಿಪ್ಸಿ ಆ ಹಿರಿಯರ ಕೈಯಲ್ಲಿಯೂ ಎರಡು ಬಾರಿ ನಿಂತಿತು, ಕಲ್ಲು ಹಾಕಿ ತಳ್ಳಬೇಕಾಯಿತು. ಥಾರಿನ ಹಿಂಬದಿ ಲಾಕ್ ಆದದ್ದೇ ತಡ, ನಾನು ಓಡಿಸುತ್ತಿದ್ದರೂ ಅದು ಸಲೀಸಾಗಿ ದಾಟಿತು.

ಅದೇ ಥಾರ್ ಕೆಳಗಿನ ಲೋಳೆಯಲ್ಲಿ ಮಾತ್ರ ಇಬ್ಬರ ಕೈಯಲ್ಲಿಯೂ ಒದ್ದಾಡಿತು, ಏಕೆಂದರೆ ಹೆದ್ದಾರಿ ಟೈರಿನ ಸಣ್ಣ ಗೀರುಗಳಲ್ಲಿ ಜೇಡಿ ತುಂಬಿ, ನಾಲ್ಕು ಸುತ್ತಿನಲ್ಲಿಯೇ ಅವು ನುಣ್ಣನೆಯ ಕುಂಬಾರನ ಚಕ್ರಗಳಾಗುತ್ತಿದ್ದವು. ಟೈರಿನ ಗಾಳಿಯ ಒತ್ತಡವನ್ನು 30 ಪಿಎಸ್‌ಐನಿಂದ 18ಕ್ಕೆ ಇಳಿಸಿದಾಗ ಹದಿನೈದು ಇಪ್ಪತ್ತು ಅಡಿ ಹೆಚ್ಚು ಹತ್ತಿತು, ಅಷ್ಟೇ. ನಮ್ಮ ಮಣ್ಣಿನ ವಿಶೇಷವೆಂದರೆ ಲೋಳೆ ತೆಳು, ಕೆಳಗೆ ನೆಲ ಗಟ್ಟಿ. ಆದ್ದರಿಂದ ಜಿಮ್ನಿಯ 195 ಮಿ.ಮೀ. ಅಗಲದ ಕಿರಿದಾದ ಟೈರು ಲೋಳೆಯನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ, ಥಾರಿನ 255 ಮಿ.ಮೀ. ಅಗಲದ್ದು ಮೇಲೆಯೇ ತೇಲುತ್ತದೆ. ಗದ್ದೆಯ ಹುದುಲಿನಲ್ಲಾದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಇಳಿಯುವುದೇ ಹೆಚ್ಚು ಭಯದ ಕೆಲಸ. ಲೋ ರೇಂಜ್‌ನ ಮೊದಲ ಗೇರಿನಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಕಾಲಿಡದೆ ಎಂಜಿನ್ ಹಿಡಿತದಲ್ಲಿಯೇ ಇಳಿಯಬೇಕು. ಹಿಂಭಾಗ ಜಾರಿ ಪಕ್ಕಕ್ಕೆ ಬಂದರೆ ಆಕ್ಸಲರೇಟರನ್ನು ಸ್ವಲ್ಪವೇ ಒತ್ತಿ ಗಾಲಿಗಳ ವೇಗವನ್ನು ಗಾಡಿಯ ವೇಗಕ್ಕೆ ಹೊಂದಿಸಬೇಕು. ಜೀವಭಯ ಹೇಳುವುದು ಇದಕ್ಕೆ ನೇರ ವಿರುದ್ಧ. ಐದನೆಯ ದಿನ ನಾನು ಬ್ರೇಕ್ ಒತ್ತಿ, ಜಿಪ್ಸಿಯನ್ನು ಅಡ್ಡಲಾಗಿ ಜಾರಿಸಿ ದರೆಗೆ ಒರಗಿಸಿದೆ. ಬಾಗಿಲು ತಗ್ಗಾಯಿತು, ಎರಡು ಕಾಫಿ ಗಿಡ ಮುರಿದವು. ಭಾರದ ಗಾಡಿಯಾಗಿದ್ದರೆ ಅಷ್ಟರಲ್ಲಿ ನಿಲ್ಲುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಕೊನೆಗೆ ಜಿಪ್ಸಿಯನ್ನೇ ಉಳಿಸಿಕೊಂಡು, ನಾಲ್ಕು ಹೊಸ ಕೆಸರಿನ ಟೈರು ಹಾಕಿಸಿದೆ. ತುದಿಯ ಕಾಲುವೆಗೆ ಒಂದು ಮೋರಿ ಕೂರಿಸಿದೆ. ಇಳಿಯುವ ಅಭ್ಯಾಸವನ್ನು ಮಳೆ ಬಿಟ್ಟ ದಿನಗಳಲ್ಲಿ ಆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈಗಲೂ ಮಾಡುತ್ತಿದ್ದೇನೆ. ಗೆಳೆಯ ಟೈರು ಬದಲಿಸಿಲ್ಲ. ಮಳೆಗಾಲದಲ್ಲಿ ಬಂದರೆ ಥಾರನ್ನು ಕೆಳಗಿನ ಕಣದಲ್ಲಿ ನಿಲ್ಲಿಸಿ, ಜಿಪ್ಸಿಯ ಹಿಂದಿನ ಸೀಟಿನಲ್ಲಿ ಕೂತು ಮೇಲೆ ಬರುತ್ತಾನೆ.