ಒಂದು ಡಿಸ್‌ಪ್ಲೇಗೆ ಮೂರು ಗಂಟೆ

ಅಂಗಡಿಗೆ ಬರುವವರ ಮೊದಲ ಪ್ರಶ್ನೆ ಬೆಲೆಯದು, ಎರಡನೆಯದು ಹೊತ್ತಿನದು. "ಅಕ್ಕ, ಇಲ್ಲೇ ನಿಂತಿರುತ್ತೇನೆ, ಅರ್ಧ ಗಂಟೆಯಲ್ಲಿ ಆಗುತ್ತದೆಯಲ್ಲ?" ಎನ್ನುತ್ತಾರೆ. ಮಂಡ್ಯದ ವಿ.ವಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ ಒಂಬತ್ತು ವರ್ಷಗಳಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಈಗ ನನ್ನ ಉತ್ತರ ಒಂದೇ: ಆ ಮಾಡೆಲ್‌ನ ಡಿಸ್‌ಪ್ಲೇ ನನ್ನ ಬಳಿ ಇದ್ದರೆ ಮೂರು ಗಂಟೆ, ಇಲ್ಲದಿದ್ದರೆ ನಾಳೆ ಸಂಜೆ. ಈ ಮೂರು ಗಂಟೆಯಲ್ಲಿ ನನ್ನ ಕೈಗೆ ಕೆಲಸವಿರುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಉಳಿದದ್ದೆಲ್ಲ ಅಂಟಿನ ಪಾಲು.

ಅಂಗಡಿ ತೆರೆದ ಮೊದಲ ವರ್ಷ ನಾನೂ ಅರ್ಧ ಗಂಟೆ ಎಂದೇ ಹೇಳುತ್ತಿದ್ದೆ. ಮೈಸೂರಿನ ಹಾಸ್ಟೆಲ್‌ಗೆ ಹೊರಟಿದ್ದ ಹುಡುಗಿಯೊಬ್ಬಳು, ಸಂಜೆಯ ರೈಲು ತಪ್ಪಿಹೋಗುತ್ತದೆ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಡಿಸ್‌ಪ್ಲೇ ಕೂರಿಸಿ, ಹತ್ತು ನಿಮಿಷ ರಬ್ಬರ್ ಬ್ಯಾಂಡ್ ಬಿಗಿದಿಟ್ಟು ಕೊಟ್ಟುಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಅವಳ ಅಣ್ಣ ಫೋನ್ ಹಿಡಿದು ಬಂದ. ಮೇಲಿನ ಅಂಚು ಉಗುರು ತೂರುವಷ್ಟು ಎದ್ದಿತ್ತು, ಒಳಗೆಲ್ಲ ಧೂಳು. ಎದ್ದದ್ದನ್ನು ಅವಳು ಬೆರಳಿನಿಂದ ಮತ್ತೆ ಮತ್ತೆ ಒತ್ತಿ ಕೂರಿಸಲು ನೋಡಿದ್ದಳು. ಆ ಒತ್ತಡಕ್ಕೆ ಡಿಸ್‌ಪ್ಲೇಯಿಂದ ಫೋನಿನೊಳಗಿನ ಮುಖ್ಯ ಬೋರ್ಡಿಗೆ ಹೋಗುವ ಫ್ಲೆಕ್ಸ್ ಪಟ್ಟಿ ಮಡಚಿ ಸೀಳಿತ್ತು. ಇನ್ನೊಂದು ಡಿಸ್‌ಪ್ಲೇಯನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ದುಡ್ಡು ಹೋದದ್ದಕ್ಕಿಂತ, ಹೊಸ ಊರಿನಲ್ಲಿ ಆ ಹುಡುಗಿ ಮನೆಗೆ ಮಾತನಾಡಲಾಗದೆ ಪಟ್ಟ ಪಾಡು ನನ್ನನ್ನು ಬಹಳ ದಿನ ಕಾಡಿತು.

ಈಗ ಕೆಲಸಕ್ಕೆ ಕೂರುವ ಮೊದಲೇ ಒಂದಿಷ್ಟು ಹೊತ್ತು ಮಾತಿಗೆ ಕೊಡುತ್ತೇನೆ. ಫೋಟೋಗಳು ಹೋಗುತ್ತವೆಯೇ ಎಂಬ ಭಯ ಬಹುತೇಕ ಎಲ್ಲರಿಗೂ ಇದೆ. ಹೋಗುವುದಿಲ್ಲ, ಅವು ಇರುವುದು ಬೋರ್ಡಿನ ಮೇಲಿನ ಮೆಮೊರಿಯಲ್ಲಿ, ಡಿಸ್‌ಪ್ಲೇಯಲ್ಲಿ ಅಲ್ಲ. ಆದರೂ ಚಿತ್ರ ಕಾಣುತ್ತಿದ್ದು ಟಚ್ ಮಾತ್ರ ಸತ್ತಿದ್ದರೆ, ಫೋನಿನ ಚಾರ್ಜಿಂಗ್ ತೂತಿಗೆ ಓಟಿಜಿ ಎಂಬ ಸಣ್ಣ ಅಡಾಪ್ಟರ್ ಹಾಕಿ ಕಂಪ್ಯೂಟರಿನ ಮೌಸ್ ಸಿಕ್ಕಿಸಿ ಮುಖ್ಯವಾದದ್ದನ್ನು ಮೊದಲು ಕಾಪಿ ಮಾಡಿಸಿಬಿಡುತ್ತೇನೆ. ಇನ್ನು ಡಿಸ್‌ಪ್ಲೇಯ ಆಯ್ಕೆ. ತಾನೇ ಬೆಳಗುವ ಅಮೋಲೆಡ್ ಪರದೆ ಇದ್ದ ಫೋನಿಗೆ, ಹಿಂದಿನಿಂದ ಬೆಳಕು ಬೇಕಾಗುವ ಕಡಿಮೆ ಬೆಲೆಯ ಎಲ್‌ಸಿಡಿ ಕಾಪಿ ಹಾಕಿದರೆ ಗಾಜಿನ ಕೆಳಗಿರುವ ಫಿಂಗರ್‌ಪ್ರಿಂಟ್ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಸೆನ್ಸರ್‌ಗೆ ಬೇಕಾದ ಬೆಳಕು ಎಲ್‌ಸಿಡಿಯ ಹಿಂಬದಿಯ ಪದರಗಳನ್ನು ದಾಟಿ ಹೋಗುವುದಿಲ್ಲ. ಐಫೋನ್ 11ರಿಂದ ಈಚಿನ ಫೋನುಗಳಿಗೆ ಹೊರಗಿನ ಡಿಸ್‌ಪ್ಲೇ ಹಾಕಿದರೆ, ಇದು ಕಂಪನಿಯ ಅಸಲಿ ಭಾಗವೆಂದು ಖಚಿತಪಡಿಸಲು ಆಗುತ್ತಿಲ್ಲ ಎಂಬ ಸೂಚನೆ ಸೆಟ್ಟಿಂಗ್ಸ್‌ನಲ್ಲಿ ಬರುತ್ತದೆ. ಇವನ್ನು ಮೊದಲೇ ಹೇಳದೆ ದುಡ್ಡು ಇಸಿದುಕೊಳ್ಳುವುದು ಮೋಸ ಎಂದೇ ನಾನು ತಿಳಿದಿದ್ದೇನೆ.

ಬಿಚ್ಚುವುದು ದೊಡ್ಡ ಕೆಲಸವಲ್ಲ. ಹಿಂಬದಿ ಪ್ಲಾಸ್ಟಿಕ್ ಆದರೆ ಐದು ನಿಮಿಷ. ಗಾಜಾದರೆ ಬಿಸಿ ಮಾಡಿ, ಅಂಟು ಮೆತ್ತಗಾದ ಮೇಲೆ ತೆಳು ಹಾಳೆ ತೂರಿಸಿ ಬಿಡಿಸಬೇಕು. ಮೊದಲು ಬ್ಯಾಟರಿಯ ಕನೆಕ್ಟರ್ ಕಳಚುತ್ತೇನೆ, ಉಳಿದದ್ದೆಲ್ಲ ಆಮೇಲೆ. ಕಳಚಿದ ಸ್ಕ್ರೂಗಳನ್ನು ಫೋನಿನಲ್ಲಿದ್ದ ಜಾಗದ ಕ್ರಮದಲ್ಲೇ ಮ್ಯಾಗ್ನೆಟ್ ಹಾಳೆಯ ಮೇಲೆ ಇಡುತ್ತೇನೆ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದನೆಯದು ಹೋದರೆ ಬೋರ್ಡಿನ ಪದರವನ್ನೇ ಕೊರೆದುಬಿಡುತ್ತದೆ.

ನನ್ನ ಹೊತ್ತು ನಿಜವಾಗಿ ಹೋಗುವುದು ಫ್ರೇಮ್ ಶುದ್ಧ ಮಾಡುವುದರಲ್ಲಿ. ಒಡೆದ ಡಿಸ್‌ಪ್ಲೇ ಕಿತ್ತ ಮೇಲೆ ಸುತ್ತಲಿನ ಕಿರಿದಾದ ಅಂಚಿನಲ್ಲಿ ಹಳೆಯ ಅಂಟು ಕರಿ ದಾರದಂತೆ ಉಳಿದಿರುತ್ತದೆ, ಅದರೊಳಗೆ ಸಕ್ಕರೆ ಹರಳಿನಷ್ಟು ಸಣ್ಣ ಗಾಜಿನ ಚೂರುಗಳು. ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿ, ಪ್ಲಾಸ್ಟಿಕ್ ಕಡ್ಡಿಯಿಂದ ಎಳೆ ಎಳೆಯಾಗಿ ಕೆರೆದು, ಟೇಬಲ್ ಲ್ಯಾಂಪಿನ ಕೆಳಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಎಲ್ಲಾದರೂ ಮಿಂಚಿದರೆ ಅಲ್ಲಿ ಚೂರಿದೆ ಎಂದರ್ಥ. ಕೊನೆಗೆ ಕಣ್ಣು ಮುಚ್ಚಿ ಬೆರಳ ತುದಿಯನ್ನು ಅಂಚಿನುದ್ದಕ್ಕೂ ಹಗುರವಾಗಿ ಆಡಿಸುತ್ತೇನೆ. ಕಣ್ಣಿಗೆ ತಪ್ಪಿದ್ದು ಚರ್ಮಕ್ಕೆ ಸಿಗುತ್ತದೆ. ಒಂದು ಚೂರು ಉಳಿದರೂ ಹೊಸ ಗಾಜು ಅದರ ಮೇಲೆ ಕೂತು, ಫೋನ್ ಬೀಳದಿದ್ದರೂ ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತದೆ. "ಮುಟ್ಟಲೇ ಇಲ್ಲ, ತಾನಾಗಿಯೇ ಒಡೆಯಿತು" ಎಂದು ಬರುವವರು ಸುಳ್ಳು ಹೇಳುತ್ತಾರೆ ಎಂದು ನಾನು ಭಾವಿಸುವುದಿಲ್ಲ. ಫೋನ್ ಮೂಲೆಗೆ ಬಿದ್ದು ಫ್ರೇಮ್ ಬಾಗಿದ್ದರೆ ಅದನ್ನೂ ನೇರ ಮಾಡಬೇಕು, ಅದಕ್ಕೆ ಇನ್ನೂ ಕಾಲು ಗಂಟೆ.

ಅಂಟು ಹಾಕುವ ಮುನ್ನ ಹೊಸ ಡಿಸ್‌ಪ್ಲೇಯನ್ನು ಸುಮ್ಮನೆ ಜೋಡಿಸಿ ಪರೀಕ್ಷೆ. ಬಿಳಿ, ಕಪ್ಪು, ಕೆಂಪು ಪರದೆ ನೋಡಿ, ಬೆರಳಿನಿಂದ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಒಂದು ಕರೆ ಮಾಡಿ ಕಿವಿಯ ಹತ್ತಿರ ತಂದಾಗ ಪರದೆ ಆರುತ್ತದೆಯೇ ಎಂದು ನೋಡುತ್ತೇನೆ. ಅಂಟಿಸಿದ ಮೇಲೆ ದೋಷ ಕಂಡರೆ ಬಿಡಿಸುವಾಗ ಒಡೆಯುವುದೇ ಹೆಚ್ಚು, ಒಡೆದದ್ದನ್ನು ಮಾರಿದವರು ವಾಪಸು ಪಡೆಯುವುದಿಲ್ಲ.

ಆಮೇಲೆ ಟಿ-7000 ಅಂಟನ್ನು ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾಗಿ ಹರಿಸಿ, ಡಿಸ್‌ಪ್ಲೇ ಕೂರಿಸಿ, ರಬ್ಬರ್ ಬ್ಯಾಂಡ್ ಬಿಗಿದು ಪಕ್ಕಕ್ಕಿಡುತ್ತೇನೆ. ಅಂಟು ಐದು ನಿಮಿಷಕ್ಕೇ ಒಣಗಿದಂತೆ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ. ಅದು ಪೂರ್ತಿ ಬಲ ಪಡೆಯಲು ಒಂದೆರಡು ದಿನ ಬೇಕು. ಜೇಬಿಗೆ ಹಾಕುವಷ್ಟು ಗಟ್ಟಿಯಾಗಲು ಎರಡು ಗಂಟೆಯಾದರೂ ಬಿಡುತ್ತೇನೆ. ಮಳೆಗಾಲದಲ್ಲಿ ಇನ್ನೂ ಅರ್ಧ ಗಂಟೆ ಸೇರಿಸುತ್ತೇನೆ. ಮೊದಲ ದಿನ ಪ್ಯಾಂಟಿನ ಹಿಂದಿನ ಜೇಬು ಬೇಡ ಎಂದು ಚೀಟಿಯಲ್ಲೇ ಬರೆದುಕೊಡುತ್ತೇನೆ. ಒಮ್ಮೆ ಬಿಚ್ಚಿದ ಫೋನ್ ಮೊದಲಿನಂತೆ ನೀರು ತಡೆಯುತ್ತದೆ ಎಂದು ನಂಬಬಾರದು ಎಂಬುದನ್ನೂ.

ಮೇಲಿನ ಗಾಜು ಮಾತ್ರ ಒಡೆದು ಒಳಗಿನ ಚಿತ್ರ ಸರಿಯಿದ್ದರೆ, ಗಾಜನ್ನಷ್ಟೇ ಬದಲಿಸುವ ಯಂತ್ರ ನನ್ನಲ್ಲಿಲ್ಲ. ಮೈಸೂರಿನಲ್ಲಿ ಪರಿಚಯದವರ ಬಳಿಗೆ ಕಳಿಸುತ್ತೇನೆ, ಮರುದಿನ ಬರುತ್ತದೆ. ಅಪರೂಪದ ಮಾಡೆಲ್ ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಡಿಸ್‌ಪ್ಲೇ ತರಿಸಬೇಕು, ಅದಕ್ಕೇ ನಾಳೆ ಸಂಜೆ ಎನ್ನುವುದು.

ಕಾಯಿರಿ ಎಂದರೆ ಜನ ಸಿಟ್ಟಾಗುವುದು ಸಹಜ. ಬ್ಯಾಂಕಿನ ಓಟಿಪಿ, ಮಕ್ಕಳ ಶಾಲೆಯ ಕರೆ, ಮಾರುಕಟ್ಟೆಯ ದರ, ಎಲ್ಲವೂ ಅದರಲ್ಲೇ. ಆ ಹುಡುಗಿಯ ಫೋನ್ ಕೆಟ್ಟ ಮೇಲೆ ನಾನು ಎರಡು ಕೀಪ್ಯಾಡ್ ಫೋನ್ ಕೊಂಡಿಟ್ಟೆ. ಸಣ್ಣ ಸಿಮ್‌ಗೆ ಅಡಾಪ್ಟರ್ ಚೌಕಟ್ಟು ಹಾಕಿ, ಅದರಲ್ಲಿ ಕೂರಿಸಿ ಕೊಟ್ಟು ಕಳಿಸುತ್ತೇನೆ. ಅಂದಿನಿಂದ ಅವಸರದ ಮಾತು ಬಹಳ ಕಡಿಮೆಯಾಗಿದೆ.

ಹೋದ ವರ್ಷ ಪಾಂಡವಪುರದ ಕಡೆಯ ಹಿರಿಯರೊಬ್ಬರು ಬಂದರು. ಅವರ ಫೋನ್ ಆಲೆಮನೆಯಲ್ಲಿ ತೊಟ್ಟಿಯ ಅಂಚಿಗೆ ಬಡಿದು ಒಡೆದು ಕಬ್ಬಿನ ಹಾಲಿಗೆ ಬಿದ್ದಿತ್ತು. "ನಾಳೆ ಬೆಲ್ಲದ ಲಾರಿ ಬರುತ್ತದೆ ಅವ್ವ, ಈಗಲೇ ಮಾಡಿಕೊಡು" ಎಂದರು. ಬಿಚ್ಚಿ ನೋಡಿದರೆ ಮಾತು ಕೇಳುವ ಜಾಲರಿ, ಕನೆಕ್ಟರ್‌ಗಳ ಸುತ್ತ, ಎಲ್ಲೆಡೆ ಸಕ್ಕರೆ ಗಟ್ಟಿಯಾಗಿ ಕೂತಿತ್ತು. ಆಲ್ಕೋಹಾಲ್‌ಗೆ ಸಕ್ಕರೆ ಕರಗುವುದಿಲ್ಲ. ನಿತ್ಯದ ಬಾಟಲಿ ಬದಿಗಿಟ್ಟು, ಬೆಚ್ಚನೆಯ ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒಂದೊಂದೇ ಜಾಗ ಒರೆಸಿ, ನೀರಿನಂಶ ಹೋಗಲು ಮೇಲೆ ಆಲ್ಕೋಹಾಲ್ ಹಚ್ಚಿ ಒಣಗಿಸಬೇಕಾಯಿತು. "ಇವತ್ತು ಆಗುವುದಿಲ್ಲ ಯಜಮಾನರೇ, ನಾಳೆ ಸಂಜೆ ಬನ್ನಿ" ಎಂದು ಕೀಪ್ಯಾಡ್ ಫೋನ್ ಕೈಗಿಟ್ಟೆ.

ಮರುದಿನ ಸಂಜೆ ಬಂದು ತಮ್ಮ ಫೋನಿನಿಂದ ಮೊದಲ ಕರೆಯನ್ನು ಮಗಳಿಗೆ ಮಾಡಿದರು. ಮಾತು ಸ್ಪಷ್ಟವಾಗಿ ಕೇಳುತ್ತಿದೆ ಎಂದು ಸನ್ನೆಯಲ್ಲೇ ತಿಳಿಸಿದರು. ವಾಪಸು ಕೊಟ್ಟ ಕೀಪ್ಯಾಡ್ ಫೋನಿನ ಐದರ ಗುಂಡಿ ಬೆಲ್ಲಕ್ಕೆ ಅಂಟುತ್ತಿತ್ತು. ಒದ್ದೆ ಹತ್ತಿಯಿಂದ ಒರೆಸಿ, ಚಾರ್ಜಿಗೆ ಹಾಕಿ, ಮುಂದೆ ಬರುವವರಿಗೆ ಇಟ್ಟೆ.