ಹಸ್ತಪ್ರತಿ ಒಪ್ಪಿಕೊಳ್ಳುವ ಮುನ್ನ

ಸ್ವತಂತ್ರ ಸಂಪಾದಕರು ದರ ಹೇಳುವ ಮೊದಲು ಹಸ್ತಪ್ರತಿಯ ನಡುಭಾಗದಿಂದ ಸುಮಾರು 1,000 ಪದಗಳನ್ನು ಆಯ್ದು, ಗಡಿಯಾರ ನೋಡಿಕೊಂಡು ತಿದ್ದಿ ನೋಡಬೇಕು. ಮೊದಲ ಅಧ್ಯಾಯವನ್ನು ಲೇಖಕರು ಸಾಮಾನ್ಯವಾಗಿ ಹಲವು ಬಾರಿ ತಿದ್ದಿರುವುದರಿಂದ, ಅದನ್ನು ನಂಬಿ ಲೆಕ್ಕ ಹಾಕಿದರೆ ಮೋಸ ಹೋಗುವ ಸಂಭವವೇ ಹೆಚ್ಚು. ಆ 1,000 ಪದಗಳಿಗೆ ಒಂದು ಗಂಟೆ ಹಿಡಿದರೆ 60,000 ಪದಗಳಿಗೆ 60 ಗಂಟೆ ಬೇಕು; ಪತ್ರವ್ಯವಹಾರ ಮತ್ತು ಮರು ಓದಿನ ಸಮಯ ಬೇರೆ. ಬರೀ ಕಾಗುಣಿತ ತಿದ್ದುವುದೋ, ವಾಕ್ಯರಚನೆಯನ್ನೂ ಸರಿಪಡಿಸುವುದೋ, ಎಷ್ಟು ಸುತ್ತು, ಮುಂಗಡವೆಷ್ಟು ಎಂಬುದೆಲ್ಲ ಬರಹದಲ್ಲಿರಲಿ. ‘ಸುಮ್ಮನೆ ಒಮ್ಮೆ ಕಣ್ಣಾಡಿಸಿದರೆ ಸಾಕು’ ಎನ್ನುತ್ತಾ ಬರುವ ಕೆಲಸವೇ, ನನ್ನ ಅನುಭವದಲ್ಲಿ, ಹೆಚ್ಚು ದಿನ ನುಂಗುತ್ತದೆ.

ಕೆಲಸ ಶುರುವಾದ ಮೇಲೆ, ‘ಎರಡನೇ’ ಇರಬೇಕೋ ‘ಎರಡನೆಯ’ ಇರಬೇಕೋ ಎಂಬಂಥ ತೀರ್ಮಾನಗಳನ್ನು ಪ್ರತ್ಯೇಕ ಹಾಳೆಯಲ್ಲಿ ಗುರುತು ಮಾಡಿಡಬೇಕು. ಸಂದೇಹ ಬಂದಲ್ಲಿ ತಾವೇ ಬದಲಿಸದೆ, ‘ತಂದೆ 3ನೇ ಅಧ್ಯಾಯದಲ್ಲಿ ತೀರಿಕೊಂಡಿದ್ದರು, ಇಲ್ಲಿ ಮಾತನಾಡುತ್ತಿದ್ದಾರಲ್ಲ?’ ಎಂದು ಅಂಚಿನಲ್ಲಿ ವಿನಯದಿಂದ ಕೇಳಬೇಕು.