ಟು-ಡು ಲಿಸ್ಟ್ ಪಕ್ಕಕ್ಕಿಟ್ಟು 'ಆಯ್ತು ಲಿಸ್ಟ್' ಶುರು ಮಾಡ್ದೆ, ಕೆಲಸ ಮುಗೀತು

ದಿನಾ ಮುಗಿದ ಸಣ್ಣಸಣ್ಣ ಕೆಲಸಕ್ಕೂ ಖುಷಿಪಡ್ಬೇಕು, ಆಗ್ಲೇ ದೊಡ್ಡದು ಮುಂದಕ್ಕೆ ಹೋಗೋದು ಅಂತ ನಾನು ಹೇಳ್ದಾಗ ನಮ್ ಫ್ರೀಲಾನ್ಸ್ ಗೆಳೆಯರು 'ಅದೆಲ್ಲ ಸ್ಕೂಲ್ ಮಕ್ಕಳಿಗೆ ಸ್ಟಾರ್ ಹಾಕೋ ವಿಷ್ಯ ಬಿಡು' ಅಂದಿದ್ರು. ಈಗ 400 ಚಿಲ್ಲರೆ ಪುಟದ ಅನುವಾದ ಮುಗಿದು, ಬಿಲ್ ಪೂರ್ತಿ ಪಾಸಾಗಿ, ಅದೇ ಗೆಳೆಯರು 'ಹೇಗ್ ಮಾಡ್ದೆ ಹೇಳು' ಅಂತಿದಾರೆ. ಅದಕ್ಕೇ ಬರೀತಿದೀನಿ. ಪೊಮೊಡೊರೊ (ಟೈಮರ್ ಇಟ್ಟು 25 ನಿಮಿಷ ಕೆಲಸ, ಆಮೇಲೆ ಸಣ್ಣ ಬ್ರೇಕ್), ಪ್ಲಾನರ್ ಎಲ್ಲ ನಿಮಗೆ ಗೊತ್ತಿರೋದೇ, ಅದರ ಬಗ್ಗೆ ಹೇಳಲ್ಲ.

ಮೊದಲು ದುಡ್ಡು ಹೋಗಿದ್ದು ಹೇಳ್ತೀನಿ. ಹ್ಯಾಬಿಟ್ ಆಪ್ ಒಂದಕ್ಕೆ ಇಡೀ ವರ್ಷದ ಸಬ್‌ಸ್ಕ್ರಿಪ್ಷನ್ ಕಟ್ಟಿದ್ದೆ, ಅದರಲ್ಲಿ ಸ್ಟ್ರೀಕ್, ಅಂದ್ರೆ ಒಂದಿನಾನೂ ಬಿಡದೆ ಮಾಡಿದ ದಿನಗಳ ಎಣಿಕೆ, ಚೆನ್ನಾಗೇ ಬೆಳೀತಿತ್ತು, ಆಮೇಲೆ ಜ್ವರ ಬಂದು ಒಂದೆರಡು ದಿನ ಮಲಗಿದ್ದೇ ತಡ ಸ್ಟ್ರೀಕ್ ಸೊನ್ನೆ ಆಯ್ತು, ಆ ಸೊನ್ನೆ ನೋಡಿದ್ಮೇಲೆ ಆಪ್ ತೆಗೆಯೋಕೇ ಮನಸ್ಸು ಬರ್ಲಿಲ್ಲ. ಅಷ್ಟೂ ದಿನ ಮಾಡಿದ ಕೆಲಸಕ್ಕೆ ಅಲ್ಲಿ ಲೆಕ್ಕಾನೇ ಇಲ್ಲ. ಆಪು, ಪ್ಲಾನರು ಎಲ್ಲ ಸೇರಿ ಒಂದು ವಾರದ ಸಂಪಾದನೆ ಹೋಯ್ತು ಅನ್ಕೊಳ್ಳಿ.

ಆಮೇಲೆ ಬಹುಮಾನದ ಪ್ರಯೋಗ. 20 ಪುಟ ಆದ್ರೆ ನನಗೇ ಏನಾದ್ರೂ ಕೊಡಿಸ್ಕೊಳ್ಳೋದು. ಆ 20 ಪುಟದ ದುಡ್ಡಲ್ಲಿ ಹತ್ತಿರಹತ್ತಿರ ಕಾಲು ಭಾಗ ಬಹುಮಾನಕ್ಕೇ ಹೋಗೋದು! ಅದಕ್ಕಿಂತ ಕೆಟ್ಟದ್ದು ಅಂದ್ರೆ ಕಣ್ಣೆಲ್ಲ ಆ ವಸ್ತು ಮೇಲೇ ಇರ್ತಿತ್ತು, ಬರೀತಿರೋ ವಾಕ್ಯದ ಮೇಲೆ ಇರ್ತಿರ್ಲಿಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಮನಶ್ಶಾಸ್ತ್ರಜ್ಞರು ಚಿತ್ರ ಬರೆಯೋಕೆ ಇಷ್ಟಪಡೋ ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದ್ರು. ಬಹುಮಾನ ಕೊಡ್ತೀವಿ ಅಂತ ಮೊದಲೇ ಹೇಳಿಸಿಕೊಂಡು ಬರೆದ ಮಕ್ಕಳು ಆಮೇಲೆ ತಾವಾಗೇ ಬರೆಯೋದು ಕಮ್ಮಿ ಮಾಡಿದ್ರಂತೆ. ನನ್ನಲ್ಲೂ ಆಗ್ತಿದ್ದಿದ್ದು ಅದೇ.

ಕೊನೆಗೆ ಕೆಲಸಕ್ಕೆ ಬಂದಿದ್ದು ಖರ್ಚೇ ಇಲ್ಲದ್ದು. ಒಂದು ನೋಟ್‌ಬುಕ್, ಅದರಲ್ಲಿ ಆಗಿದ್ದನ್ನ ಮಾತ್ರ ಬರೆಯೋದು, ಅದೇ 'ಆಯ್ತು ಲಿಸ್ಟ್'. '4ನೇ ಅಧ್ಯಾಯ ನಡೀತಿದೆ' ಅಂತ ಬರೆಯಂಗಿಲ್ಲ, '4ನೇ ಅಧ್ಯಾಯದ ಎರಡನೇ ಟೇಬಲ್ ಮುಗೀತು' ಅಂತ ಬರೀಬೇಕು. ಬರೆಯೋಕೆ ಮುಂಚೆ ಎದ್ದು ನಿಂತು, ಚಪ್ಪಾಳೆ ತಟ್ಟಿ, ಜೋರಾಗಿ 'ಆಯ್ತು!' ಅನ್ನೋದು. ಆ ಕ್ಷಣದಲ್ಲೇ ಆಗ್ಬೇಕು. ಅಭ್ಯಾಸಗಳ ಬಗ್ಗೆ ಸಂಶೋಧನೆ ಮಾಡೋ ಸ್ಟ್ಯಾನ್‌ಫರ್ಡ್‌ನ ಬಿ. ಜೆ. ಫಾಗ್ ಕೂಡ ಇದನ್ನೇ ಹೇಳೋದು, ಕೆಲಸ ಆದ ತಕ್ಷಣ ಖುಷಿ ಅನುಭವಕ್ಕೆ ಬಂದ್ರೇನೇ ಅಭ್ಯಾಸ ಕೂರೋದು ಅಂತ. ಪರೀಕ್ಷೆ ಮಾಡೋಣ ಅಂತ ಒಂದಷ್ಟು ದಿನ ಎಲ್ಲಾನೂ ರಾತ್ರಿ ಒಟ್ಟಿಗೆ ಬರೆದು ನೋಡ್ದೆ, ದಿನಕ್ಕೆ ನಾಲ್ಕು ಪುಟದ ಹತ್ರ ಆಗ್ತಿದ್ದಿದ್ದು ಎರಡಕ್ಕೆ ಇಳೀತು. ರಾತ್ರಿ ಹೊತ್ತಿಗೆ ಅದು ಬರೀ ಲೆಕ್ಕ ಬರೆದ ಹಾಗೆ ಆಗ್ಬಿಡುತ್ತೆ.

ಇದಕ್ಕೆ ನಿಜವಾದ ಪರೀಕ್ಷೆ ಬಂದಿದ್ದು ನಡುವಲ್ಲಿ. ಕ್ಲೈಂಟು ಪದಪಟ್ಟಿ (ಯಾವ ಪದಕ್ಕೆ ಯಾವ ಅನುವಾದ ಬಳಸ್ಬೇಕು ಅನ್ನೋ ಪಟ್ಟಿ) ಬದಲಾಯ್ಸಿ ಮೊದಲ ಎರಡು ಅಧ್ಯಾಯ ವಾಪಸ್ ಕಳಿಸಿದ್ರು, ಕಂತಿನ ದುಡ್ಡೂ ನಿಲ್ಲಿಸಿದ್ರು. ಹಾರ್ವರ್ಡ್‌ನ ಸಂಶೋಧಕಿ ತೆರೆಸಾ ಅಮಾಬಿಲೆ ಅವರು 7 ಕಂಪನಿಗಳ 238 ಜನರ ಹತ್ರ ದಿನಚರಿ ಬರೆಸಿ, ಸುಮಾರು 12,000 ಟಿಪ್ಪಣಿ ಓದಿ ಕಂಡ್ಕೊಂಡಿದ್ದು ಇದೇ ತಾನೆ: ಒಳ್ಳೇ ದಿನಗಳ ಹಿಂದೆ ಹೆಚ್ಚಾಗಿ ಇರೋದು ಕೆಲಸ ಒಂಚೂರಾದ್ರೂ ಮುಂದೆ ಹೋದದ್ದು, ಆದ್ರೆ ಹಿನ್ನಡೆಯ ಪೆಟ್ಟು ಆ ಖುಷಿಗಿಂತ ಜೋರು. ಹಾಗಾಗಿ ಕೆಟ್ಟ ದಿನಗಳಲ್ಲಿ ಎಂಟ್ರಿ ಇನ್ನೂ ಚಿಕ್ಕದು ಮಾಡ್ಬೇಕು ಅಂತ ನಿಯಮ ಇಟ್ಕೊಂಡೆ. ಆ ವಾರ ಬರೆದಿದ್ದು 'ಹತ್ತು ಪದ ಸರಿ ಆಯ್ತು', 'ಫೈಲ್ ಹೆಸರು ಸರಿ ಆಯ್ತು' ಇಂಥವೇ. ಅಷ್ಟಕ್ಕೂ ಚಪ್ಪಾಳೆ. ಇನ್ನೊಬ್ರಾಗಿದ್ರೆ ಪ್ರಾಜೆಕ್ಟೇ ಬಿಟ್ಟುಬಿಡ್ತಿದ್ರು, ನಾನು ಎರಡೂ ಅಧ್ಯಾಯ ಸರಿಮಾಡಿ ಕಳಿಸ್ದೆ, ದುಡ್ಡೂ ಬಂತು.

ಇನ್ನೊಂದು ಸಣ್ಣ ಪ್ರಯೋಗ. 2006ರಲ್ಲಿ ನ್ಯೂನೆಸ್, ಡ್ರೇಝ್ ಅಂತ ಇಬ್ರು ಸಂಶೋಧಕರ ಅಧ್ಯಯನ ಬಂತು: ಕಾರ್ ವಾಶ್ ಗಿರಾಕಿಗಳಿಗೆ ಕಾರ್ಡ್ ಕೊಟ್ರು, ಪ್ರತಿ ವಾಶ್‌ಗೆ ಒಂದು ಮುದ್ರೆ, ಪೂರ್ತಿ ತುಂಬಿದ್ರೆ ಒಂದು ವಾಶ್ ಫ್ರೀ; ಕೆಲವರಿಗೆ 8 ಮುದ್ರೆ ಬೇಕಾದ ಖಾಲಿ ಕಾರ್ಡ್, ಉಳಿದವರಿಗೆ 10ರಲ್ಲಿ 2 ಮೊದಲೇ ಒತ್ತಿದ ಕಾರ್ಡ್. ಇಬ್ರಿಗೂ ಬಾಕಿ ಇದ್ದಿದ್ದು ಎಂಟೇ, ಆದ್ರೂ ಮೊದಲನೇ ಗುಂಪಲ್ಲಿ ಪೂರ್ತಿ ಮಾಡಿದ್ದು 19%, ಎರಡನೇದ್ರಲ್ಲಿ 34%. ನಾನೂ ಪ್ರತಿ ಅಧ್ಯಾಯದ ಚೆಕ್‌ಲಿಸ್ಟಲ್ಲಿ 'ಫೈಲ್ ಓಪನ್', 'ಒಂದ್ಸಲ ಓದಿದ್ದು' ಅಂತ ಎರಡು ಟಿಕ್ ಮೊದಲೇ ಹಾಕ್ಕೊಂಡು ಶುರು ಮಾಡ್ದೆ. ಶುರುಗೆ ಭರ್ಜರಿ ಕೆಲಸ ಮಾಡುತ್ತೆ, ಅಧ್ಯಾಯದ ನಡುವೆ ಸುಸ್ತಾದಾಗ ಏನೂ ಉಪಯೋಗ ಇಲ್ಲ.

ವಾಟ್ಸಾಪ್ ಗುಂಪಲ್ಲಿ ದಿನಾ ಹಾಕೋದೂ ನೋಡ್ದೆ, ಬರ್ತಾಬರ್ತಾ ಲೈಕ್ ಬರೋಂಥ ಗೆಲುವುಗಳನ್ನೇ ಆರಿಸೋ ಹಾಗಾಯ್ತು, ನಿಲ್ಲಿಸ್ದೆ.

ಭಾನುವಾರ ಆ ನೋಟ್‌ಬುಕ್ ಓದಿ ಅಂಚಲ್ಲಿ ಒಂಥರಾ ಗುರುತು ಹಾಕ್ತೀನಿ, ಅದೇನು ಅಂತ ಮಾತ್ರ ಹೇಳಲ್ಲ, ಹೊಸ ಕೆಲಸಕ್ಕೆ ದಿನ ಎಷ್ಟು ಬೇಕು, ರೇಟ್ ಎಷ್ಟು ಅಂತ ನಾನು ಹೇಳೋದು ಅದರ ಮೇಲೇ. ಮುಂದಿನ ಪ್ರಾಜೆಕ್ಟಿಗೆ ರೇಟ್ ಏರಿಸಿ ಕೇಳ್ದೆ, ಚೌಕಾಸಿ ಇಲ್ಲದೆ ಒಪ್ಕೊಂಡ್ರು.

ಮೊದಲು ಸ್ಟಾರ್ ಅಂತ ಆಡ್ಕೊಂಡಿದ್ದ ಗೆಳತಿ, ಪ್ರೂಫ್ ನೋಡೋರು, ಈಗ ಶುರು ಮಾಡಿದಾರೆ. ಮೊದಮೊದಲು ಹತ್ತು ಪುಟಕ್ಕೊಂದು ಎಂಟ್ರಿ ಹಾಕ್ತಿದ್ರು, ಎರಡನೇ ವಾರಕ್ಕೆ ಬೇಸರ ಬಂತು. ಒಂದು ಪುಟಕ್ಕೆ ಒಂದು ಅಂತ ಇಳಿಸಿ ನೋಡಿ ಅಂದೆ, ಈಗ ನಿಲ್ಲದೆ ನಡೀತಿದೆ.